ಐದನೆಯ ಮಾತಿನ ಲೋಟ

ಶಿರಸಿಯಲ್ಲಿ ಯಾರನ್ನಾದರೂ ನಿಲ್ಲಿಸಿ ನಿಮ್ಮ ಆಸ್ತಿ ಏನು ಎಂದು ಕೇಳಿ ನೋಡಿ. ಒಬ್ಬರು ಎರಡೆಕರೆ ತೋಟ ಎನ್ನುತ್ತಾರೆ, ಇನ್ನೊಬ್ಬರು ಹುಬ್ಬಳ್ಳಿ ರಸ್ತೆಯಲ್ಲೊಂದು ಸೈಟು ಎನ್ನುತ್ತಾರೆ, ಏನೂ ಇಲ್ಲದವರು ಮಕ್ಕಳೇ ಆಸ್ತಿ ಎಂದು ನಿಟ್ಟುಸಿರು ಬಿಡುತ್ತಾರೆ. ನನ್ನನ್ನು ಕೇಳಿದರೆ ನಾನು ಸ್ವಲ್ಪ ನಾಚಿಕೊಂಡು, ಆದರೂ ಬಿಡದೆ, ನನಗೊಂದು ಮಾತಿದೆ ಎನ್ನುತ್ತಿದ್ದೆ. ಅಪ್ಪನಿಂದ ನನಗೆ ಬಂದ ಪಿತ್ರಾರ್ಜಿತ ಮಾತು ಅದು, ಐದನೆಯ ಮಾತು. ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ಮಧ್ಯಾಹ್ನ, ಅದರ ಮೇಲೆ ಹತ್ತು ನಿಮಿಷ ಮಾತಾಡುತ್ತಿದ್ದೆ. ಉಳಿದ ದಿನ ಸೋಡಾ ಮಾರುತ್ತಿದ್ದೆ. ಸೋಡಾ ಈಗಲೂ ಮಾರುತ್ತೇನೆ. ಮಾತು ಈ ವರ್ಷ ಕೈತಪ್ಪಿತು. ಹೊರಗಿನವರ ಪಾಲಾಗಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಅದು ಹೋದದ್ದು ನನ್ನ ಹೆಂಡತಿಯ ಕೈಗೆ.

ವಿಷಯ ಹೀಗಿದೆ. ನಮ್ಮದು ಸಣ್ಣ ಮೆಥೊಡಿಸ್ಟ್ ಸಭೆ. ಶಿರಸಿಯಲ್ಲಿರುವ ಕೆಲವು ಮನೆಗಳು, ಸಿದ್ದಾಪುರದಿಂದ ಬರುವ ಎರಡು ಮನೆಗಳು, ಯಲ್ಲಾಪುರದ ನಾಲ್ಕಾರು ಮನೆಗಳು, ಅವರ ಜೊತೆ ಇಡಗುಂದಿಯಿಂದ ಹೊರಟು ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಬರುವ ಒಂದು ಮನೆಯವರು, ಇಷ್ಟೇ. ಆರಾಧನೆ ಒಂಬತ್ತೂವರೆಗೆ ಎಂದು ಬೋರ್ಡಿನಲ್ಲಿ ಬರೆದಿದೆ. ನಿಜವಾಗಿ ಅದು ಶುರುವಾಗುವುದು ಯಲ್ಲಾಪುರದ ಬಸ್ಸು ಬಂದ ಮೇಲೆ. ಬಸ್ಸು ತಡವಾದರೆ ದೇವರೂ ಕಾಯುತ್ತಾನೆ, ಅದು ಅವನಿಗೂ ರೂಢಿಯಾಗಿದೆ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ನಮ್ಮಲ್ಲಿ ದೊಡ್ಡ ಆರಾಧನೆ. ಸ್ವಾಮಿ ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಏಳು ಜನ ಒಬ್ಬರಾದ ಮೇಲೊಬ್ಬರು ಪ್ರಸಂಗ ಮಾಡಬೇಕು. ದೊಡ್ಡ ಊರಿನ ಸಭೆಗಳಿಗೆ ಹೊರಗಿನಿಂದ ಪ್ರಸಂಗಿಗಳು ಬರುತ್ತಾರಂತೆ. ನಮ್ಮಲ್ಲಿಗೆ ಯಾರು ಬರಬೇಕು? ಮಾತು ಬಲ್ಲ ಏಳು ಜನ ಯಾವುದೋ ಕಾಲದಲ್ಲಿ ಆ ಏಳು ಮಾತುಗಳನ್ನು ಹಂಚಿಕೊಂಡರು. ಮನೆಯಲ್ಲಿ ಒಮ್ಮೆ ಹಿಸೆಯಾದರೆ ಆಯಿತು, ಮತ್ತೆ ಯಾರೂ ಬೇಲಿ ದಾಟುವುದಿಲ್ಲ. ಮೂರನೆಯ ಮಾತಿನಲ್ಲಿ ತಾಯಿಯ ವಿಷಯ ಬರುತ್ತದೆಂದು ಅದನ್ನು ಸಿದ್ದಾಪುರದ ದಾನಮ್ಮ ಸಿಸ್ಟರಿಗೆ ಕೊಟ್ಟಿದ್ದರು. ಅವರು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಈಗಲೂ ಸಭೆಯನ್ನು ವಾರ್ಡಿನ ಹಾಗೆ ನೋಡಿಕೊಳ್ಳುತ್ತಾರೆ. ಐದನೆಯದು ಬಾಯಾರಿಕೆಯ ಮಾತು, ನನಗೆ ನೀರಡಿಕೆಯಾಗಿದೆ ಎಂದು ಸ್ವಾಮಿ ಹೇಳಿದ್ದು. ಅದನ್ನು ಸೋಡಾ ಅಂಗಡಿಯವನಿಗೆ ಕೊಡದೆ ಇನ್ನಾರಿಗೆ ಕೊಡುತ್ತಾರೆ ಎಂದು ಹಿರಿಯರು ನಮ್ಮ ಅಪ್ಪನ ಹೆಸರಿಗೆ ಬರೆದರು.

ಅಪ್ಪ ಸೋಡಾ ತುಂಬುವುದರಲ್ಲಿ ಜಾಣರು, ಪ್ರಸಂಗದಲ್ಲಿ ಅಲ್ಲ. ಮೊದಲ ವರ್ಷ ಗಂಟಲು ಒಣಗುತ್ತದೆಂದು ಮುನ್ನೆಚ್ಚರಿಕೆಯಾಗಿ ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಹೋಗಿದ್ದರಂತೆ. ಪ್ರಸಂಗಪೀಠದ ಮೇಲೆ ಲೋಟ ಇಟ್ಟರು, ನಾಲ್ಕು ಮಾತು ಹೇಳಿದರು, ಉಳಿದದ್ದು ಮರೆತುಹೋಯಿತು. ಗಾಬರಿಯಲ್ಲಿ ನೀರು ಕುಡಿಯುವುದೂ ಮರೆತು ಇಳಿದು ಬಂದುಬಿಟ್ಟರು. ತುಂಬಿದ ಲೋಟ ಪೀಠದ ಮೇಲೆ ಹಾಗೆಯೇ ಉಳಿಯಿತು. ಸಭೆಯವರು ಅದನ್ನೇ ನೋಡಿದರು. ಬಾಯಾರಿದವನ ಎದುರಿಗೆ ಯಾರೂ ಮುಟ್ಟದ ನೀರು! ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಿನ ಅಯ್ಯನವರು, ಅಂದರೆ ಪಾದ್ರಿಗಳು, ಅಪ್ಪನ ಕೈ ಹಿಡಿದುಕೊಂಡು ಇಂಥ ಪ್ರಸಂಗ ಕೇಳಿರಲಿಲ್ಲ ಎಂದರಂತೆ. ಅಂದಿನಿಂದ ಅದು ನಮ್ಮ ಸಭೆಯ ಪದ್ಧತಿಯಾಯಿತು. ಅಪ್ಪನ ಕಾಲ ಮುಗಿದ ಮೇಲೆ ಮಾತು, ಲೋಟ, ಅಂಗಡಿ ಮೂರೂ ನನಗೆ ಬಂದವು. ತುಂಬಿದ ಲೋಟ ಬಿಟ್ಟು ಇಳಿಯುವ ಆ ಕ್ಷಣದ ಮೌನ ಎಷ್ಟು ಚೆನ್ನಾಗಿರುತ್ತದೆಂದರೆ, ಹನ್ನೊಂದು ತಿಂಗಳು ಗಿರಾಕಿಗಳಿಂದ ಗ್ಯಾಸು ಕಮ್ಮಿಯಾಗಿದೆ ಎಂದು ಬೈಸಿಕೊಂಡ ನನಗೆ ಅದೊಂದೇ ಸಾಕಾಗುತ್ತಿತ್ತು.

ಒಂದೇ ಒಂದು ತೊಂದರೆ ಇತ್ತು. ಆ ತೊಂದರೆಯ ಹೆಸರು ಅಬ್ರಹಾಂ ಮಾಸ್ತರು. ಆರನೆಯ ಮಾತು ಅವರದು. ಎಲ್ಲವೂ ಮುಗಿಯಿತು ಎನ್ನುವ ಮಾತದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಸ್ತರು ಆ ಮಾತನ್ನು ಎತ್ತಿಕೊಂಡರೆ ಮುಗಿಸುವುದಿಲ್ಲ. ಸೃಷ್ಟಿಯಿಂದ ಶುರುಮಾಡಿ, ಜಲಪ್ರಳಯ ದಾಟಿ, ಐಗುಪ್ತ ದೇಶಕ್ಕೆ ಹೋಗಿ, ಅಲ್ಲಿಂದ ಜನರನ್ನು ಹೊರಡಿಸಿಕೊಂಡು ಮರುಭೂಮಿಗೆ ಬರುವ ಹೊತ್ತಿಗೆ ಅವರ ಗಂಟಲು ಒಣಗುತ್ತದೆ. ಆಗ ಅವರ ಬಲಗೈ ತಾನಾಗಿ ಮುಂದೆ ಹೋಗುತ್ತದೆ, ನಮ್ಮಪ್ಪನ ಲೋಟ ಎತ್ತುತ್ತದೆ. ಮಾಸ್ತರು ಅದನ್ನು ಗಟಗಟ ಕುಡಿದು, ಖಾಲಿ ಲೋಟ ಕೆಳಗಿಟ್ಟು, ಮರುಭೂಮಿಯಲ್ಲಿ ಮುಂದಕ್ಕೆ ನಡೆಯುತ್ತಾರೆ. ಪ್ರತಿವರ್ಷ ಹೀಗೆಯೇ. ಹಿಂದಿನ ಬೆಂಚಿನವರು ಈಗ ಕುಡಿದರು, ಈಗ ಕುಡಿದರು ಎಂದು ಕಾಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಧೈರ್ಯಮಾಡಿ ಹೇಳಿದೆ. ಮಾಸ್ತರು ನಿಜವಾಗಿ ಆಶ್ಚರ್ಯಪಟ್ಟರು. "ಎಂತ ಹೇಳ್ತಿ ಮಾರಾಯಾ? ನಾನು ಕುಡಿದ್ನಾ? ಛೆ ಛೆ!" ಎಂದರು. ಮರುವರ್ಷ ಲೋಟಕ್ಕೆ ಮುಚ್ಚಳ ಹಾಕಿಟ್ಟೆ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟು ಕುಡಿದರು. ಅಷ್ಟೇ ಅಲ್ಲ, ಕುಡಿದಾದ ಮೇಲೆ ಮುಚ್ಚಳ ಮುಚ್ಚಿದರು. ಅಷ್ಟು ಶಿಸ್ತಿನ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಆದರೂ ಮಾಡಿಕೊಳ್ಳುತ್ತಿದ್ದೆ.

ಇಂಥ ಸ್ಥಿತಿಯಲ್ಲಿ ಈ ಸಲ ಲೆಂಟಿನ ನಡುವೆಯೇ ನಮ್ಮ ಅಯ್ಯನವರಿಗೆ ವರ್ಗವಾಯಿತು. ಲೆಂಟ್ ಎಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ನಮ್ಮವರು ಆಗ ಮಾಂಸ ಮುಟ್ಟುವುದಿಲ್ಲ, ಬುಧವಾರಗಳಂದು ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಾರೆ. ಅಯ್ಯನವರನ್ನು ಕಳಿಸಿಕೊಡುವುದು ನಮಗೆ ಹೊಸದಲ್ಲ. ಮೆಥೊಡಿಸ್ಟರಲ್ಲಿ ಅಯ್ಯನವರು ಬರುತ್ತಾರೆ, ಹೋಗುತ್ತಾರೆ, ಸಭೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದರೆ ಲೆಂಟಿನಲ್ಲಿ ವರ್ಗ ಮಾಡುವುದೆಂದರೆ ಬಿಷಪ್ಪರು ಸ್ವಲ್ಪ ಯೋಚಿಸಬೇಕಿತ್ತು ಎಂದು ಎಲ್ಲರಿಗೂ ಅನಿಸಿತು. ಬೀಳ್ಕೊಡುಗೆಗೂ ಮಟನ್ ಇಲ್ಲ, ಸ್ವಾಗತಕ್ಕೂ ಮಟನ್ ಇಲ್ಲ. ನಾಲ್ಕು ವರ್ಷ ನಮ್ಮ ಸುಖದುಃಖ ನೋಡಿದ ಅಯ್ಯನವರನ್ನು ಬೀನ್ಸಿನ ಪಲಾವು ಬಡಿಸಿ ಕಳಿಸಿದೆವು. ಮಾಸ್ತರು ಬೀಳ್ಕೊಡುಗೆಯ ಮಾತಾಡಿದರು. ಲಾರಿಯವನು ಹೊರಗೆ ಹಾರ್ನ್ ಹೊಡೆಯದಿದ್ದರೆ ಅಯ್ಯನವರು ಇನ್ನೂ ಇಲ್ಲಿಯೇ ಇರುತ್ತಿದ್ದರು.

ಹೊಸಬರು ಬೀದರ್ ಕಡೆಯಿಂದ ಬರುತ್ತಾರೆ ಎಂದಷ್ಟೇ ಸುದ್ದಿ. ಸಭೆಯ ವಾಟ್ಸಾಪಿನಲ್ಲಿ ಬಂದದ್ದು ರೆವರೆಂಡ್ ಎಂಬ ಪದ, ಮುಂದೆ ಎರಡು ಇನಿಷಿಯಲ್ಲು. ಸಾಮಾನಿನ ಲಾರಿ ಬಂದು ಪಾರ್ಸನೇಜಿನ ಮುಂದೆ, ಅಂದರೆ ಅಯ್ಯನವರಿಗೆಂದು ಸಭೆ ಕೊಡುವ ಮನೆಯ ಮುಂದೆ ನಿಂತಾಗ ನಾವೆಲ್ಲ ಹಾರ ಹಿಡಿದು ಸಾಲಾಗಿ ನಿಂತಿದ್ದೆವು. ಮುಂದಿನಿಂದ ಎತ್ತರದ, ಗಟ್ಟಿಮುಟ್ಟಾದ ಒಬ್ಬರು ಇಳಿದರು. ದಾನಮ್ಮ ಸಿಸ್ಟರು ಮುನ್ನುಗ್ಗಿ, "ಬರ್ರಿ ಅಯ್ಯನವರ, ದಾರೀಲಿ ತ್ರಾಸಾಗಲಿಲ್ಲಲ್ರಿ?" ಎಂದು ಅವರ ಕೊರಳಿಗೆ ಹಾರ ಹಾಕಿಯೇಬಿಟ್ಟರು. ಅವರ ಹಿಂದೆ ಕುಕ್ಕರನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಇಳಿದರು. "ಅಮ್ಮನವರ, ಅಡಿಗಿಮನಿ ಈ ಕಡೆ ಅದ ನೋಡ್ರಿ," ಎಂದರು ದಾನಮ್ಮ. ಅವರು ಕುಕ್ಕರನ್ನು ದಾನಮ್ಮನ ಕೈಗೆ ಕೊಟ್ಟು, "ಅಡಿಗಿಮನಿ ಇವ್ರು ನೋಡ್ಕೋತಾರ್ರಿ. ನನಗ ಮೊದ್ಲ ಚರ್ಚ್ ತೋರಸ್ರಿ," ಎಂದು ನಕ್ಕರು. ಹಾರ ಹಾಕಿಸಿಕೊಂಡವರು ಹಾರ ತೆಗೆದು ಹೆಂಡತಿಯ ಕೊರಳಿಗೆ ಹಾಕಿದರು. ರೆವರೆಂಡ್ ಸುಕೃತಾ ಅವರು ನಮ್ಮ ಸಭೆಗೆ ಬಂದದ್ದು ಹೀಗೆ.

ಅವರ ಯಜಮಾನರು ಪಿ.ಟಿ. ಮಾಸ್ತರು, ವರ್ಗದ ಅರ್ಜಿ ಹಾಕಿ ರಜೆಯ ಮೇಲೆ ಬಂದಿದ್ದರು. ಅವರಿಂದ ಒಂದು ದೊಡ್ಡ ಧಾರ್ಮಿಕ ಸಮಸ್ಯೆ ಎದ್ದಿತು. ನಮ್ಮಲ್ಲಿ ಅಯ್ಯನವರ ಹೆಂಡತಿಯೇ ಸ್ತ್ರೀಸಮಾಜದ ಅಧ್ಯಕ್ಷರಾಗುವುದು ರೂಢಿ. ಈಗ ಯಾರು? ಅಯ್ಯನವರೇ ಹೆಂಡತಿಯಾದರೆ ಅಧ್ಯಕ್ಷ ಪದವಿ ಗಂಡನಿಗೆ ಹೋಗುತ್ತದೆಯೆ? ದಾನಮ್ಮ ಸಿಸ್ಟರು ಈ ಪ್ರಶ್ನೆಯನ್ನು ಒಂದು ವಾರ ಮನಸ್ಸಿನಲ್ಲಿಟ್ಟುಕೊಂಡು ಕೊನೆಗೆ ಅವರನ್ನೇ ಕೇಳಿದರು. "ನಾ ಬರಾಕ ತಯಾರ ಇದ್ದೀನ್ರಿ, ಆದ್ರ ಬಂದ ಕೂಡ್ಲೆ ಡ್ರಿಲ್ ಮಾಡಸ್ತೀನಿ," ಎಂದರು ಪಿ.ಟಿ. ಮಾಸ್ತರು. ಆ ವಿಷಯ ಅಲ್ಲಿಗೇ ಬಿದ್ದುಹೋಯಿತು. ದಾನಮ್ಮನವರೇ ಅಧ್ಯಕ್ಷರಾದರು, ಅವರಿಗೆ ಬೇಕಾದದ್ದೂ ಅದೇ ಇತ್ತು.

ಹೊಸದಾಗಿ ಬಂದವರು ಏನಾದರೂ ಬದಲಾಯಿಸುತ್ತಾರೆ, ಅದು ಅವರ ಹಕ್ಕು. ಒಬ್ಬರು ಬೆಂಚು ತಿರುಗಿಸುತ್ತಾರೆ, ಇನ್ನೊಬ್ಬರು ಗಂಟೆ ಹೊಡೆಯುವ ಹೊತ್ತು ಬದಲಿಸುತ್ತಾರೆ. ನಾವು ಎಲ್ಲದಕ್ಕೂ "ಆಗ್ಲಿ ಅಯ್ಯನವರ" ಎಂದು ತಲೆಯಾಡಿಸುತ್ತೇವೆ, ಆರು ತಿಂಗಳಲ್ಲಿ ಬೆಂಚು ತಾನೇ ಮೊದಲಿನ ಜಾಗಕ್ಕೆ ಬಂದಿರುತ್ತದೆ. ಸುಕೃತಾ ಅಮ್ಮನವರು ಮೊದಲ ಭಾನುವಾರ ಸರಿಯಾಗಿ ಒಂಬತ್ತೂವರೆಗೆ ಆರಾಧನೆ ಶುರುಮಾಡಿದರು. ಎದುರಿಗೆ ಅವರ ಯಜಮಾನರು, ನಾನು, ನನ್ನ ಹೆಂಡತಿ, ಬೆಂಚು. ಯಲ್ಲಾಪುರದವರು ಬಂದಾಗ ಕಾಣಿಕೆಯ ತಟ್ಟೆ ಹೊರಟಿತ್ತು. ಮರುವಾರ ಅಮ್ಮನವರೇ ಗೇಟಿನ ಹತ್ತಿರ ನಿಂತು ಬಸ್ಸಿನ ದಾರಿ ನೋಡುತ್ತಿದ್ದರು. ಪಾಪ, ಬೇಗ ಕಲಿಯುತ್ತಾರೆ ಎಂದು ನಾವು ಮೆಚ್ಚಿಕೊಂಡೆವು. ಮೆಚ್ಚಿಕೊಳ್ಳಲು ಅವಸರ ಮಾಡಿದ್ದೆವು ಎಂದು ಆಮೇಲೆ ತಿಳಿಯಿತು.

ಆ ವಾರದ ಬುಧವಾರದ ಪ್ರಾರ್ಥನೆ ನಮ್ಮ ಮನೆಯಲ್ಲಿ. ಲೆಂಟಿನ ಮನೆಕೂಟಗಳಲ್ಲಿ ಬರೀ ಚಹಾ ಕೊಡಬೇಕೆಂದು ಸಭೆಯ ತೀರ್ಮಾನವಿದೆ. ಆದ್ದರಿಂದ ನನ್ನ ಹೆಂಡತಿ ಸುಗಂಧಾ ಚಹಾದ ಜೊತೆ ಅವಲಕ್ಕಿ, ಬಾಳೆಹಣ್ಣಿನ ಬನ್ಸು ಮಾತ್ರ ಮಾಡಿದ್ದಳು. ಎಲ್ಲರೂ ಉಪವಾಸದ ಮುಖ ಹೊತ್ತು ಎರಡೆರಡು ಬನ್ಸು ತಿಂದಾದ ಮೇಲೆ ಅಮ್ಮನವರು ಕೈ ಒರೆಸಿಕೊಂಡು, "ಶುಭ ಶುಕ್ರವಾರದ ಏಳು ಮಾತು ಯಾರ‍್ಯಾರು ಹೇಳ್ತೀರಿ, ಚೀಟಿ ಎತ್ತೋಣೇನ್ರಿ?" ಎಂದರು. ಮೂರನೆಯ ಬನ್ಸಿಗೆ ಚಾಚಿದ ಕೈಗಳು ಹಿಂದೆ ಸರಿದವು. ನಾವು ಬೆಂಚು ಕೊಟ್ಟಿದ್ದೆವು, ಗಂಟೆ ಕೊಟ್ಟಿದ್ದೆವು. ಮಾತಿಗೆ ಯಾರೂ ಕೈಹಾಕಿರಲಿಲ್ಲ. ಅಬ್ರಹಾಂ ಮಾಸ್ತರು ಗಂಟಲು ಸರಿಮಾಡಿಕೊಂಡರು. "ಅಲ್ರೀ ಅಮ್ಮನವರೆ, ಆ ದಿವಸ ಶಿಲುಬೆ ಬುಡದಲ್ಲಿ ಚೀಟಿ ಎತ್ತಿದವರು ಯಾರು ಅಂತ ನಿಮಗೆ ನಾನು ಹೇಳಬೇಕಾ? ಸಿಪಾಯಿಗಳು. ಸ್ವಾಮಿಯ ಅಂಗಿ ಸಲುವಾಗಿ."

ಇಂಥ ಒಳ್ಳೆಯ ಮಾತು ಮಾಸ್ತರ ಬಾಯಿಂದ ಇಷ್ಟು ಚಿಕ್ಕದಾಗಿ ಬಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಗೆದ್ದೆವು ಎಂದುಕೊಂಡೆ. ಅಮ್ಮನವರು ತಲೆಯಾಡಿಸಿ, "ಖರೇರಿ ಮಾಸ್ತರ. ಆದ್ರ ಸ್ವಾಮಿಗೆ ದ್ರೋಹ ಮಾಡಿದ ಯೂದನ ಜಾಗಾಕ್ಕ ಇನ್ನೊಬ್ಬ ಶಿಷ್ಯನ್ನ ತಗೊಳ್ಳೂ ಮುಂದ ಅಪೊಸ್ತಲರೂ ಚೀಟಿನೇ ಹಾಕಿದ್ರಲ್ರಿ?" ಎಂದರು. ಮಾಸ್ತರು ಇನ್ನೊಂದು ಬನ್ಸು ಎತ್ತಿಕೊಂಡರು. "ಇಷ್ಟ ಇದ್ದವ್ರು ಎಲ್ಲಾರೂ ಎತ್ತಬಹುದು. ಹೆಣ್ಮಕ್ಕಳೂ," ಎಂದು ಅಮ್ಮನವರು ಚೀಟಿ ಹರಿಯತೊಡಗಿದರು. ಒಂಬತ್ತು ಜನ ಕೈಯೆತ್ತಿದರು. ಏಳು ಚೀಟಿಯಲ್ಲಿ ಏಳು ಮಾತು, ಎರಡು ಖಾಲಿ. ಎಂಟನೆಯ ಕೈ ಇಡಗುಂದಿಯವರದು. ಒಂಬತ್ತನೆಯ ಕೈ ಅಡಿಗೆಮನೆಯ ಬಾಗಿಲಲ್ಲಿ, ಬನ್ಸಿನ ತಟ್ಟೆ ಹಿಡಿದುಕೊಂಡೇ ಮೇಲೆದ್ದಿತ್ತು. ಸುಗಂಧಾ! ನಾನು ಕಣ್ಣು ಅಗಲಿಸಿ ನೋಡಿದೆ. ಅವಳು ಬೇರೆ ಕಡೆ ನೋಡಿದಳು. ಚೀಟಿ ಹಾಕಲು ಏನಾದರೂ ಪಾತ್ರೆ ಬೇಕು ಎಂದಾಗ ಅವಳೇ ಒಳಗಿಂದ ಒಂದು ಗಾಜಿನ ಲೋಟ ತಂದು ಕೊಟ್ಟಳು. ನಮ್ಮಪ್ಪನ ಲೋಟ.

ಮಾಸ್ತರಿಗೆ ಖಾಲಿ ಚೀಟಿ ಬಂತು. ಅವರು ಅದನ್ನು ತಿರುಗಿಸಿ ನೋಡಿದರು, ಬಲ್ಬಿಗೆ ಹಿಡಿದು ನೋಡಿದರು, ಕೊನೆಗೆ ಮಡಚಿ ಕಿಸೆಯಲ್ಲಿಟ್ಟುಕೊಂಡರು. ದಾನಮ್ಮ ಸಿಸ್ಟರಿಗೆ ಅವರ ಮೂರನೆಯ ಮಾತೇ ಮರಳಿ ಬಂತು. ದೇವರಿಗೆ ಎಲ್ಲ ತಿಳಿಯುತ್ತದೆ ಎಂದು ಅವರು ತಕ್ಷಣ ಚೀಟಿಯ ಪಕ್ಷಕ್ಕೆ ಸೇರಿದರು. ನನಗೆ ಬಂದದ್ದು ಆರನೆಯದು, ಮಾಸ್ತರ ಮಾತು, ಮುಗಿಯಿತೆಂಬ ಮಾತು. ನನ್ನ ಕಥೆ ಮುಗಿಯಿತು ಎಂದೇ ನಾನು ಅದನ್ನು ಓದಿಕೊಂಡೆ. ಕೊನೆಗೆ ಲೋಟದ ತಳದಲ್ಲಿ ಉಳಿದ ಚೀಟಿಯನ್ನು ಸುಗಂಧಾ ಎರಡು ಬೆರಳಿನಿಂದ ಎತ್ತಿ ಬಿಚ್ಚಿದಳು. "ಐದು," ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ನಾನು ಮೊದಲು ದೊಡ್ಡತನ ತೋರಿಸಿದೆ. ನಿನಗೆ ಕಷ್ಟ ಆಗುವುದು ಬೇಡ, ಅಪ್ಪನಿಂದ ಬಂದ ಪ್ರಸಂಗ ನನ್ನ ಹತ್ತಿರ ಸಿದ್ಧ ಇದೆ, ಹಾಗೆಯೇ ಹೇಳಿಬಿಡು ಎಂದೆ. "ನಿಮ್ಮ ಪ್ರಸಂಗ ನನಗ ಬಾಯಿಪಾಠ ಅದರೀ," ಎಂದಳು ಸುಗಂಧಾ. ಅವಳು ಹಾವೇರಿ ಕಡೆಯವಳು, ನೇರ ಮಾತು. "ಮಂದಿಗೂ ಬಾಯಿಪಾಠ ಅದ. ನೀವು ಉಸಿರು ತಗೊಳ್ಳೂ ಜಾಗಾದಾಗ ಎಲ್ಲಾರೂ ಉಸಿರು ತಗೋತಾರ." ನನಗೆ ನೋವಾಯಿತು. ಆದರೂ ಪ್ರಸಂಗ ಹೋದರೆ ಹೋಗಲಿ, ಲೋಟ ಇಡುತ್ತೀಯೋ ಇಲ್ಲವೋ ಎಂದು ಕೇಳಿದೆ. ಅಪ್ಪನ ಲೋಟ ಒಂದು ವರ್ಷ ತಪ್ಪಿದರೆ ಮುಂದೆ ಯಾರೂ ಇಡುವುದಿಲ್ಲ, ಬೆಂಚಿನ ಹಾಗೆ ಅದು ತಾನಾಗಿ ಮರಳಿ ಬರುವ ವಸ್ತುವಲ್ಲ. ಅದೇ ನನ್ನ ನಿಜವಾದ ಚಿಂತೆ. "ನೋಡೋಣು," ಎಂದಳು. ಮದುವೆಯಾದ ಗಂಡಸರಿಗೆ ಈ ಮೂರಕ್ಷರದ ಪದದ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಿಟ್ಟಿನಿಂದ, ಹಾಗಾದರೆ ಆರಾಧನೆ ಮುಗಿದ ಮೇಲೆ ಸಭೆಗೆ ಕೊಡುವ ಲಿಂಬು ಸೋಡಾ ಈ ವರ್ಷ ಇಲ್ಲ ಎಂದು ಘೋಷಿಸಿದೆ. "ತುಂಬಿಟ್ಟು ಆತು," ಎಂದಳು.

ಮನೆಯಲ್ಲಿ ನ್ಯಾಯ ಸಿಗದವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ನಮ್ಮ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ, ಪಕ್ಕದಲ್ಲಿ ಖಾದರ್ ಭಾಯಿಯ ಲಾರಿ ಬುಕಿಂಗ್ ಆಫೀಸು. ಈಚಿನ ವರ್ಷಗಳಲ್ಲಿ ನಮ್ಮ ಲೆಂಟೂ ಅವರ ರಂಜಾನೂ ಒಟ್ಟಿಗೇ ಬರುತ್ತಿವೆ, ಹಾಗಾಗಿ ಮಾರ್ಚಿನ ಬಿಸಿಲಿನಲ್ಲಿ ನಾವಿಬ್ಬರೂ ಎದುರೆದುರು ಕುಳಿತು ಧರ್ಮ ಮಾತಾಡುವುದುಂಟು. ಬಾಯಾರಿಕೆಯ ಮಾತು ನನ್ನ ಕೈತಪ್ಪಿದ್ದನ್ನು ಹೇಳಿಕೊಂಡೆ. ಖಾದರ್ ಭಾಯಿ ಒಣಗಿದ ತುಟಿಯಲ್ಲಿಯೇ ನಕ್ಕರು. "ಅರೆ ಸಮುವೇಲ್ ಭಾಯ್, ನಿಮ್ದು ಮೂರು ಗಂಟೆಗೆ ಮುಗಿಯೋ ಹಾಫ್ ಡೇ ಉಪವಾಸ. ಅದ್ರಲ್ಲೂ ನೀವು ಸೋಡಾ ಮಾಲಕ್ರು. ಬಾಯಾರಿಕೆ ಮೇಲೆ ಭಾಷಣ ಬೇಕಾದ್ರೆ ನನ್ನ ಕರೀಬೇಕಿತ್ತು ನೀವು," ಎಂದರು. ಅಲ್ಲಿಯೂ ನ್ಯಾಯ ಸಿಗಲಿಲ್ಲ. ಬಂದು ಆರನೆಯ ಮಾತಿನ ತಯಾರಿಗೆ ಕೂತೆ. ಏನು ಬರೆದರೂ ಮಾಸ್ತರ ಐಗುಪ್ತಕ್ಕೇ ಹೋಗಿ ನಿಲ್ಲುತ್ತಿತ್ತು. ಬಚ್ಚಲಮನೆಯಲ್ಲಿ ನಿಂತು ಗೋಡೆಗೆ ಪ್ರಸಂಗ ಮಾಡಿದೆ, ಪ್ರತಿಸಲವೂ ಮಧ್ಯದಲ್ಲಿ ಗಂಟಲು ಕಟ್ಟುತ್ತಿತ್ತು.

ಶುಭ ಶುಕ್ರವಾರ ಬಂತು. ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ, ಖಾದರ್ ಭಾಯಿಯ ಮಾತು ಚುಚ್ಚಿತ್ತು. ಯಲ್ಲಾಪುರದ ಬಸ್ಸು ಪುಣ್ಯಕ್ಕೆ ಹೊತ್ತಿಗೆ ಸರಿಯಾಗಿ ಬಂತು. ಮೊದಲ ನಾಲ್ಕು ಮಾತುಗಳು ಆದವು. ಯಾರು ಏನು ಹೇಳಿದರೋ ನನಗೆ ತಿಳಿಯದು, ನಾನು ಸುಗಂಧಾಳ ಕೈಯನ್ನೇ ನೋಡುತ್ತಿದ್ದೆ. ಅವಳು ಎದ್ದಾಗ ಸೆರಗಿನ ಮರೆಯಿಂದ ಲೋಟ ಹೊರಗೆ ಬಂತು. ತುಂಬಿದ ಲೋಟವನ್ನು ಪೀಠದ ಮೇಲೆ ಇಟ್ಟಳು. ನನ್ನ ಎದೆಯಲ್ಲಿದ್ದ ಕಲ್ಲು ಕರಗಿತು. ಅಪ್ಪಾ, ಲೋಟ ಉಳಿಯಿತು ಎಂದು ಒಳಗೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರೂ ಬಂತು.

ಸುಗಂಧಾ ಕಾಗದ ಹಿಡಿದಿರಲಿಲ್ಲ. "ನಮ್ಮ ಅಂಗಡಿ ಬಸ್‌ಸ್ಟ್ಯಾಂಡ್ ಎದುರಿಗೇ ಅದ, ನಿಮಗೆಲ್ಲಾ ಗೊತ್ತದ," ಎಂದು ಶುರುಮಾಡಿದಳು. "ಬ್ಯಾಸಗ್ಯಾಗ ಬಾಟ್ಲಿ ತೊಳಕೋತ ಕೂತಾಗ ನಾ ನೋಡ್ತಿರ್ತೀನಿ. ರೊಕ್ಕ ಇದ್ದವ್ರು ಬಂದು ಸೋಡಾ ಕೊಡ್ರಿ ಅಂತಾರ. ಕೆಲವ್ರು ಬರ್ತಾರ, ನಿಂದರ್ತಾರ, ಬಾಟ್ಲಿ ನೋಡ್ತಾರ. ಆಮ್ಯಾಲೆ, ಬಸ್‌ಸ್ಟ್ಯಾಂಡ್ ಎಲ್ಲದರೀ ಅಂತ ಕೇಳ್ತಾರ. ಬಸ್‌ಸ್ಟ್ಯಾಂಡ್ ಎದುರಿಗೇ ಕಾಣ್ತಿರ್ತದ. ನೀರಡಿಕ್ಯಾಗೇದ ಅಂತ ಬಾಯಿಬಿಟ್ಟು ಹೇಳೂದು ಬಾಳ ತ್ರಾಸಿನ ಕೆಲಸರೀ. ದೊಡ್ಡವರಿಗೆ ಇನ್ನೂ ತ್ರಾಸು. ಅಷ್ಟು ದೊಡ್ಡವರು, ಎಲ್ಲಾರ ಮುಂದ, ಬಾಯಿಬಿಟ್ಟು ಕೇಳಿದ್ರಲ್ಲ, ಅದಕ್ಕ ನನಗ ಈ ಮಾತು ಅಂದ್ರ ಜೀವ. ನಾವು ಕೇಳೂದು ಕಲೀಬೇಕು. ಕೇಳಲಾರದವ್ರು ಬಂದ್ರ, ದಾರಿ ತೋರಸಬಾರದು, ಮೊದ್ಲ ನೀರು ಕೊಡಬೇಕು. ಇಷ್ಟರೀ ನಂದು." ಇಷ್ಟು ಹೇಳಿ ಇಳಿದು ಬಂದು ಕೂತಳು. ನನ್ನ ಹತ್ತು ನಿಮಿಷದ ಜಾಗದಲ್ಲಿ ಮೂರು ನಿಮಿಷವೂ ಆಗಿರಲಿಲ್ಲ. ಯಾರೂ ಕೆಮ್ಮಲಿಲ್ಲ. ಉಸಿರು ತೆಗೆದುಕೊಳ್ಳುವ ಜಾಗ ಗೊತ್ತಿಲ್ಲದೆ ಎಲ್ಲರೂ ಒಟ್ಟಿಗೇ ಅದನ್ನು ಹಿಡಿದುಕೊಂಡಿದ್ದರು. ನಾನು ಲೆಕ್ಕ ಹಾಕುತ್ತಿದ್ದೆ: ಇಷ್ಟು ವರ್ಷಗಳಲ್ಲಿ ಎಷ್ಟು ಜನಕ್ಕೆ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೈ ಚಾಚಿ, ಎದುರಿಗೇ ಇರುವ ಬಸ್‌ಸ್ಟ್ಯಾಂಡನ್ನು ನಗುತ್ತ ತೋರಿಸಿದ್ದೇನೋ! ಕಣ್ಣು ಸರಿ ಇಲ್ಲದವರು ಎಂದುಕೊಂಡಿದ್ದೆ.

ಕೀರ್ತನೆಯ ಒಂದು ಚರಣ ಹಾಡಿದರು. ನನ್ನ ಸರದಿ ಬಂತು. ಪೀಠದ ಹಿಂದೆ ನಿಂತರೆ ಎದುರಿಗೆ ಲೋಟ, ಅದರಾಚೆ ಮೊದಲ ಬೆಂಚಿನಲ್ಲಿ ಅಬ್ರಹಾಂ ಮಾಸ್ತರು, ಬಹಳ ವರ್ಷಗಳ ನಂತರ ಕೇಳುವವರ ಜಾಗದಲ್ಲಿ. ಬರೆದುಕೊಂಡ ಮೊದಲ ಪುಟ ಹೇಗೋ ದಾಟಿದೆ. ಎರಡನೆಯ ಪುಟದಲ್ಲಿ ಅಕ್ಷರಗಳು ಕುಣಿದವು. ಮೇಲಿನಿಂದ ತಗಡಿನ ಕಾವು, ಒಳಗೆ ಖಾಲಿ ಹೊಟ್ಟೆ, ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಕರ್ತನು ತನ್ನ ಕೆಲಸ ಮುಗಿಸಿದನು ಎಂದು ಹೇಳಬೇಕಿತ್ತು. ಕರ್ತನು ಎಂದೆ. ಕರ್ತನು ತನ್ನ ಎಂದೆ. ಮುಂದಿನದು ಹೊರಡಲಿಲ್ಲ. ಅಷ್ಟರಲ್ಲಿ ಏನಾಯಿತೆಂದು ನನ್ನನ್ನು ಕೇಳಬೇಡಿ. ಬಾಯಲ್ಲಿ ತಣ್ಣಗೆ, ಸ್ವಲ್ಪ ಹುಳಿ, ಸ್ವಲ್ಪ ಉಪ್ಪು ಹರಿದಾಗ ನನಗೆ ಎಚ್ಚರವಾಯಿತು. ಕೈಯಲ್ಲಿ ಲೋಟ. ಲೋಟದ ತಳದಲ್ಲಿ ಒಂದು ಲಿಂಬುವಿನ ಬೀಜ. ಹಿಂದಿನ ಬೆಂಚಿನಲ್ಲಿ ಯಾರೋ ತೃಪ್ತಿಯಿಂದ ಉಸಿರುಬಿಟ್ಟರು. ಮಾಸ್ತರ ಮುಖ ಮಾತ್ರ ಬೆಳಗುತ್ತಿತ್ತು. ಮಗ ಕೊನೆಗೂ ಪಾಸಾದ ಎಂದು ತಿಳಿದ ತಂದೆಯ ಮುಖ ಅದು. ಉಳಿದದ್ದನ್ನು ನಾನು ಕಾಗದ ನೋಡದೆಯೇ ಹೇಳಿದೆ, ಸಾಕಷ್ಟು ಉದ್ದವಾಗಿಯೇ ಹೇಳಿದೆನಂತೆ, ಮರುಭೂಮಿಯನ್ನೂ ಮುಟ್ಟಿ ಬಂದೆನಂತೆ.

ಆರಾಧನೆ ಮುಗಿದು ಹೊರಗೆ ಸೋಡಾ ಹಂಚುತ್ತಿದ್ದಾಗ ನಾನು ಮುಖ ತಪ್ಪಿಸಿಕೊಂಡು ಬಾಟಲಿ ತೆರೆಯುತ್ತಿದ್ದೆ. ಸುಗಂಧಾ ಪಕ್ಕಕ್ಕೆ ಬಂದಾಗ ಮೆಲ್ಲಗೆ, ಲೋಟಕ್ಕೆ ಉಪ್ಪು ಲಿಂಬು ಯಾಕೆ ಹಾಕಿದೆ ಎಂದು ಕೇಳಿದೆ. "ಆರನೇ ಮಾತಿಗೆ ನಿಂತವ್ರು ಅದನ್ನ ಕುಡೀತಾರ ಅಂತ ಇಡೀ ಸಭೆಗೆ ಗೊತ್ತದ. ಈ ಸಲ ನಿಂತವ್ರು ನನ್ನ ಗಂಡ. ವಾರದಿಂದ ಬಚ್ಚಲದಾಗ ನಿಮ್ಮ ಗಂಟಲು ಕೇಳಾಕತ್ತಿದ್ದೆ," ಎಂದು ಅವಳು ಬಾಟಲಿಯ ಕ್ರೇಟು ಎತ್ತಿಕೊಂಡು ಹೋದಳು. ಅಷ್ಟರಲ್ಲಿ ಮಾಸ್ತರು ಖಾಲಿ ಲೋಟ ಹಿಡಿದುಕೊಂಡೇ ಬಂದರು. ಒಮ್ಮೆ ಮೂಸಿ ನೋಡಿದರು, ನನ್ನ ಮುಖ ನೋಡಿದರು. ಅವರ ದನಿಯಲ್ಲಿ ನಿಜವಾದ ದುಃಖವಿತ್ತು. "ಇಷ್ಟು ವರ್ಷ ನನಗೆ ಬರೀ ನೀರು ಇಟ್ಟಿದ್ಯಲ್ಲೋ ಮಾರಾಯಾ!"

ಈಸ್ಟರ್ ಕಳೆಯಿತು, ತಡವಾಗಿಯಾದರೂ ಅಮ್ಮನವರ ಸ್ವಾಗತದ ಮಟನ್ ಊಟವೂ ಆಯಿತು. ಆದರೆ ನನಗೆ ನೆಮ್ಮದಿಯಿಲ್ಲ. ಐದನೆಯ ಮಾತು ಸುಗಂಧಾಳದು ಎಂದು ಸಭೆಯೆಲ್ಲ ಆಗಲೇ ಮಾತಾಡುತ್ತಿದೆ, ನಾನೂ ಒಪ್ಪಿದ್ದೇನೆ, ಈಗ ಅದು ಮರಳಿ ನನಗೆ ಬಂದರೆ ನಾನು ಏನು ಹೇಳಲಿ? ನನ್ನ ಮನಸ್ಸು ಆರನೆಯದರ ಮೇಲಿದೆ. ಮುಂದಿನ ವರ್ಷ ಮತ್ತೆ ಚೀಟಿ ಎತ್ತಿ, ಆ ಲಿಂಬು ನೀರು ಮಾಸ್ತರ ಪಾಲಾದರೆ? ಖಾಯಂ ಆಗಿ ನನಗೇ ಇರಲಿ ಎಂದು ಅಮ್ಮನವರ ಕಿವಿಗೆ ಹಾಕಿಬಿಡೋಣವೆಂದು ಮೊನ್ನೆ ನಾಲ್ಕು ಬಾಟಲಿ ಜೀರಾ ಸೋಡಾ ಹಿಡಿದುಕೊಂಡು ಪಾರ್ಸನೇಜಿಗೆ ಹೋದೆ. ಪಿ.ಟಿ. ಮಾಸ್ತರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅಮ್ಮನವರು ಹೊರಗೆ ಬಂದು, "ಏನ್ ಬಂದ್ರಿ ಸಮುವೇಲಪ್ಪನವರ? ಹೇಳ್ರಿ," ಎಂದರು. ಚೀಟಿಯನ್ನು ಮನೆಯಲ್ಲಿ ಬೈದವನು ನಾನು, ಆರನೆಯ ಮಾತು ಸಿಕ್ಕಿದ್ದು ಅದೇ ಚೀಟಿಯಿಂದ. ಲೋಟ ಕುಡಿದದ್ದಕ್ಕೆ ಮಾಸ್ತರನ್ನು ದೂರಿದವನೂ ನಾನೇ. ನಿಂತೆ. ಗೋಡೆಯ ಕ್ಯಾಲೆಂಡರು ನೋಡಿದೆ. "ಏನಿಲ್ರೀ ಅಮ್ಮನವರ," ಎಂದೆ, "ಇಲ್ಲಿಂದ ಬೀದರಕ್ಕ ಬಸ್ಸು ಎಷ್ಟಕ್ಕ ಐತ್ರಿ?"

ಅಮ್ಮನವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಳಗೆ ಹೋಗಿ, ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟರು.